ಬೂದಿಯಡಿಯ ಒಲೆ

“ಗುರುಗಳೇ, ಹೊಳೆಯಾಚೆಯ ಊರಿನವರಿಗೆ ತಾವಾದರೂ ಬುದ್ಧಿ ಹೇಳಬಾರದೇ?” ಎಂದು ಶಿಷ್ಯ ಚೆನ್ನಮಲ್ಲ ಕೇಳಿದ. ಹಿಂದಿನ ದಿನ ಅವನು ಆ ಊರಿಗೆ ಭಿಕ್ಷೆಗೆ ಹೋಗಿ ಬಂದಿದ್ದ. “ಅಮಾವಾಸ್ಯೆಯೊಳಗೆ ಊರು ಖಾಲಿ ಮಾಡದಿದ್ದರೆ ಬೆಂಕಿ ಇಡುತ್ತೇವೆಂದು ದೊರೆಯ ಕಡೆಯವರು ಡಂಗುರ ಸಾರಿದ್ದಾರೆ. ಇವರೋ, ಆರಾಮವಾಗಿ ರೊಟ್ಟಿ ಬಡಿಯುತ್ತಿದ್ದಾರೆ! ನನಗೂ ಎರಡು ಬಿಸಿ ರೊಟ್ಟಿ ಹಾಕಿದರು. ನೆಲ ಗೆದ್ದವರದು ತಾನೇ? ಇವರದೆಂಥ ಹಟ?”

ಗುರುಗಳು ನಕ್ಕರು. ಆಮೇಲೆ ಒಂದು ಕತೆ ಹೇಳಿದರು.

ಎರಡು ಸಾಮ್ರಾಜ್ಯಗಳ ಗಡಿಯಲ್ಲಿ ಒಂದು ದಿಬ್ಬ, ದಿಬ್ಬದ ಮೇಲೊಂದು ಊರು. ಈಚೆಯ ಚಕ್ರವರ್ತಿ, ಅದು ತನ್ನ ಅಜ್ಜ ಕಟ್ಟಿಸಿದ ಊರು ಎಂದ. ಆಚೆಯವನು, ಅಲ್ಲ, ತನ್ನ ಮುತ್ತಜ್ಜ ಕಟ್ಟಿಸಿದ್ದು ಎಂದ. ಅರಮನೆಯಲ್ಲಿ ಅಜ್ಜಂದಿರಿಗೆ ಬರವೇ?

ಈಚೆಯವನ ಅಧಿಕಾರಿಯೊಬ್ಬ ಸೈನಿಕರೊಡನೆ ಬಂದ. ದಿಬ್ಬ ಅಗೆದು ಅಜ್ಜನ ಗುರುತು ತೋರಿಸಿದರೆ ಅವನಿಗೆ ಬಿರುದು ಕಾದಿತ್ತು. ಊರ ನಡುವೆ ಒಬ್ಬ ಮುದುಕಿಯ ಮನೆಗೆ ನುಗ್ಗಿ, ಉರಿಯುತ್ತಿದ್ದ ಒಲೆಯನ್ನೇ ಕಿತ್ತೆಸೆದು, ಅಲ್ಲಿ ಗುದ್ದಲಿ ಹಾಕಿಸಿದ.

ಒಂದು ಮೊಳ ಅಗೆದಾಗ ಬೂದಿ ಸಿಕ್ಕಿತು. ಬೂದಿಯಡಿ ಮೂರು ಒಲೆಗಲ್ಲು. ಇನ್ನೂ ಅಗೆದರೆ ಮತ್ತೆ ಬೂದಿ, ಮತ್ತೆ ಅದೇ ಜಾಗದಲ್ಲಿ ಮೂರು ಕಲ್ಲು. ಒಂದು ಬೂದಿಯಲ್ಲಿ ಈಚೆಯ ಅರಸರ ಲಾಂಛನವಿದ್ದ ಬಾಣದ ಮೊನೆ, ಇನ್ನೊಂದರಲ್ಲಿ ಆಚೆಯವರದು. ಹೀಗೆ ಏಳು ಒಲೆ ಕಳೆದ ಮೇಲೆ ಗಟ್ಟಿ ನೆಲ ಬಂತು. ಅವನು ಕಿತ್ತೆಸೆದದ್ದು ಎಂಟನೆಯದು. ಊರು ಕಟ್ಟಿಸಿದ ಅಜ್ಜ ಮಾತ್ರ ಎಲ್ಲೂ ಇರಲಿಲ್ಲ.

ಬೆಟ್ಟ ಅಗೆದು ಇಲಿ ಹಿಡಿದ ಅಧಿಕಾರಿಗೆ ಸಿಟ್ಟು ಬಂತು. “ಎಲ್ಲ ಒಲೆಯೂ ಒಂದೇ ಜಾಗದಲ್ಲಿ ಹೇಗೆ? ಯಾರ ಅಪ್ಪಣೆ ಇದು?” ಎಂದು ಗದರಿದ.

“ಅಪ್ಪಣಿ ಯಾರದೂ ಅಲ್ರಿ,” ಎಂದಳು ಮುದುಕಿ. “ನಿಮ್ಮಂಥೋರು ಸುಟ್ಟು ಹೋದ ಮ್ಯಾಲೆ ಗ್ವಾಡಿ ಯಾವುದು, ಓಣಿ ಯಾವುದು ಗೊತ್ತಾಗಂಗಿಲ್ಲ. ಬೂದಿ ಕೆದರಿ ಒಲಿ ಹುಡುಕ್ತೀವಿ. ಒಲಿ ಸಿಕ್ಕರ ಮನಿ ಸಿಕ್ಕಂಗ. ಅದರ ಮ್ಯಾಲೇ ಹೊಸಾದು ಹೂಡ್ತೀವಿ. ನಿಮ್ಮ ಅಜ್ಜಗೋಳು ಬಂದಿದ್ದು ಖರೇ. ಸುಡಾಕ ಬಂದಿದ್ರು, ಕಟ್ಟಾಕಲ್ಲ.”

ಅಷ್ಟು ಹೇಳಿ ಅವಳು ಗುಂಡಿಗೆ ಇಳಿದಳು. ಎಲ್ಲಕ್ಕಿಂತ ಕೆಳಗಿನ ಮೂರು ಕಲ್ಲುಗಳ ನಡುವೆ ಬೆಂಕಿ ಹೊತ್ತಿಸಿ ಗಡಿಗೆ ಇಟ್ಟಳು. ತಲೆಯೆತ್ತಿ, “ಬಂದೋರು ನೀವು. ಉಂಡು ಹೋಗ್ತೀರೋ, ಹಂಗ ಹೋಗ್ತೀರೋ?” ಎಂದು ಕೇಳಿದಳು.

ಅಧಿಕಾರಿ ಉಣ್ಣಲಿಲ್ಲ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಚೆನ್ನಮಲ್ಲನಿಗೆ ತಡೆಯಲಾಗಲಿಲ್ಲ. “ಆಮೇಲೆ? ಅವನು ಊರು ಸುಟ್ಟನೇ?”

“ಸುಟ್ಟ. ನಿನ್ನೆ ನೀನು ಉಂಡ ರೊಟ್ಟಿ ಬೆಂದದ್ದು ಒಂಬತ್ತನೆಯ ಒಲೆಯ ಮೇಲೆ.”