ಕಲ್ಲನಗೌಡರ ನಗು

ಹೊಳೆದಂಡೆಯ ಒಂದು ಆಶ್ರಮದಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಸನ್ಯಾಸ ತೆಗೆದುಕೊಳ್ಳುವ ಮೊದಲು ಪೇಟೆಯಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತಿದ್ದವರು. ಮಂತ್ರಿಗಳು, ನಟರು, ಮಠಾಧೀಶರು ಅವರ ಕ್ಯಾಮೆರಾದ ಮುಂದೆ ಕೂತು ಎದ್ದುಹೋಗಿದ್ದರು. ಎಲ್ಲ ಬಿಟ್ಟು ಬಂದಮೇಲೂ ಮುಖ ನೋಡುವ ಚಾಳಿ ಮಾತ್ರ ಅವರನ್ನು ಬಿಟ್ಟಿರಲಿಲ್ಲ.

ಅವರ ಹತ್ತಿರ ಕಲಿಯಲು ಬರುತ್ತಿದ್ದವಳು ಕುಮುದಿನಿ, ಪತ್ರಿಕೆಯೊಂದರ ಫೋಟೊಗ್ರಾಫರ್. ಬಿಡುವಾದಾಗ ತಾನು ತೆಗೆದ ಚಿತ್ರಗಳನ್ನು ತಂದು ಅವರ ಮುಂದೆ ಹರಡುತ್ತಿದ್ದಳು. ಗುರುಗಳು ಹೊಗಳುತ್ತಿರಲಿಲ್ಲ, ತೆಗಳುತ್ತಲೂ ಇರಲಿಲ್ಲ. ಕೆಲವನ್ನು ಹೆಚ್ಚು ಹೊತ್ತು ನೋಡುತ್ತಿದ್ದರು, ಅಷ್ಟೆ. ಆ ನೋಟಕ್ಕಾಗಿಯೇ ಅವಳು ಅಷ್ಟು ದೂರ ಬರುತ್ತಿದ್ದಳು.

ಒಂದು ಮಳೆಗಾಲದಲ್ಲಿ, ಮದುವೆಗೆ ಹೊರಟವರ ದೋಣಿ ಮೇಲಿನ ಊರಿನ ಹತ್ತಿರ ಮಗುಚಿತು. ಹೆಣಗಳನ್ನು ದಂಡೆಯ ಮೇಲೆ ಸಾಲಾಗಿ ಮಲಗಿಸಿ ಬಟ್ಟೆ ಹೊದಿಸಿದರು. ಮಂತ್ರಿ ಕಲ್ಲನಗೌಡರು ನೋಡಲು ಬಂದರು. ಕುಮುದಿನಿಯೂ ಅಲ್ಲಿದ್ದಳು.

ಮಾರನೆಯ ದಿನ ಮೊದಲ ಪುಟದಲ್ಲಿ ಅವಳ ಚಿತ್ರ ಬಂತು. ಹಿಂದೆ ಹೆಣಗಳ ಸಾಲು. ಮುಂದೆ ಕಲ್ಲನಗೌಡರು, ಬಾಯಿ ಅಗಲವಾಗಿದೆ, ಹಲ್ಲು ಕಾಣುತ್ತಿದೆ, ಕೆನ್ನೆ ಮೇಲಕ್ಕೇರಿ ಕಣ್ಣು ಸಣ್ಣಗಾಗಿದೆ. ನಗುತ್ತಿದ್ದಾರೆ.

ಆ ಚಿತ್ರ ಹಿಡಿದು ಜನ ಬೀದಿಗಿಳಿದರು. ಕೆಲವೇ ದಿನಗಳಲ್ಲಿ ಗೌಡರ ಮಂತ್ರಿಗಿರಿ ಹೋಯಿತು. ಮುಂದಿನ ಚುನಾವಣೆಯಲ್ಲಿ ಅವರಿಗೆ ಟಿಕೆಟ್ಟೂ ಸಿಗಲಿಲ್ಲ. ಕುಮುದಿನಿಗೆ ದೊಡ್ಡ ಪ್ರಶಸ್ತಿ ಬಂತು.

ಅವಳು ಚಿತ್ರ ತೆಗೆದುಕೊಂಡು ಗುರುಗಳ ಹತ್ತಿರ ಹೋದಳು. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇವರು ನಕ್ಕರೇನು?" ಎಂದರು.

"ಚಿತ್ರದಲ್ಲಿದೆಯಲ್ಲ ಗುರುಗಳೇ."

"ಚಿತ್ರದಲ್ಲಿರೋದು ನನಗೂ ಕಾಣ್ತದೆ. ಇದಾದ ಮೇಲೆ ತೆಗೆದದ್ದು ಎಲ್ಲಿ?"

ಕುಮುದಿನಿ ಕ್ಯಾಮೆರಾದಲ್ಲಿ ಹುಡುಕಿ ತೋರಿಸಿದಳು. ಅದೇ ಜಾಗ, ಅದೇ ಮನುಷ್ಯ. ಬಾಯಿಗೆ ಟವೆಲು ಒತ್ತಿಕೊಂಡಿದ್ದಾರೆ. ಕಣ್ಣಲ್ಲಿ ನೀರು.

"ಎರಡರ ನಡುವೆ ಎಷ್ಟು ಹೊತ್ತು?"

"ಹೊತ್ತೇನೂ ಇಲ್ಲ. ಒಂದರ ಹಿಂದೆ ಒಂದು."

"ಅಳು ಶುರುವಾಗುವಾಗ ಮುಖ ಹೀಗೂ ಆಗ್ತದವ್ವ. ಸ್ಟುಡಿಯೊದಲ್ಲಿ ಕೂಸುಗಳನ್ನು ಕೂರಿಸಿ ಕೂರಿಸಿ ನಾನದನ್ನು ನೋಡಿದ್ದೇನೆ. ನಗ್ತದೆ ಅಂದುಕೊಂಡು ಬಟನ್ ಒತ್ತಬೇಕು, ಅಷ್ಟರಲ್ಲಿ ಅತ್ತುಬಿಡ್ತದೆ."

ಕುಮುದಿನಿಗೆ ಸಿಟ್ಟು ಬಂತು. "ಹಾಗಾದರೆ ದೊಡ್ಡ ಮನುಷ್ಯರು ಚೆಂದ ಕಂಡಾಗ ಮಾತ್ರ ತೆಗೀಬೇಕೇ? ಅದಕ್ಕೆ ಅವರ ಕಡೆಯವರೇ ಇದ್ದಾರೆ. ಊರ ತುಂಬ ಅವರದೇ ಕೈ ಮುಗಿದ ಮುಖ ಹಚ್ಚಿರ್ತಾರೆ. ಆ ಮುಖದ ಹಿಂದೆ ಇನ್ನೊಂದು ಇರುತ್ತೆ ಅಂತ ಯಾರಾದರೂ ತೋರಿಸಬೇಕಲ್ಲ."

"ತೋರಿಸಬೇಕು. ಕೆಟ್ಟದಾಗಿ ಕಂಡಾಗಲೂ ತೆಗಿ. ನಾನು ಬೇಡ ಅನ್ನಲಿಲ್ಲ."

"ಮತ್ತೆ?"

"ಎರಡೂ ನಿನ್ನ ಹತ್ತಿರ ಇದ್ದವು. ಇದನ್ನೇ ಯಾಕೆ ಕೊಟ್ಟೆ?"

ಅವಳಿಗೆ ಚಿತ್ರ ತೆಗೆದ ದಿನ ಸಂಜೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದು ನೆನಪಾಯಿತು. ಅಳುವ ಮಂತ್ರಿಯ ಚಿತ್ರವನ್ನು ಯಾರೂ ಎರಡನೇ ಸಲ ನೋಡುವುದಿಲ್ಲ ಎಂದು ಆಗಲೇ ಅನಿಸಿತ್ತು.

ಗುರುಗಳು ಚಿತ್ರವನ್ನು ಅವಳ ಕೈಗೆ ಕೊಟ್ಟು ಸ್ನಾನಕ್ಕೆ ಎದ್ದುಹೋದರು.

ಆಮೇಲೆ ಅವಳು ಎಷ್ಟೋ ಮುಖಗಳನ್ನು ತೆಗೆದಳು. ಆಕಳಿಸುವ ಶಾಸಕರು, ಮೂಗಿನಲ್ಲಿ ಬೆರಳಿಟ್ಟ ಅಧಿಕಾರಿಗಳು, ವೇದಿಕೆಯ ಮೇಲೆ ತೂಕಡಿಸುವ ವಿದ್ವಾಂಸರು. ಕೆಲವು ಅಚ್ಚಾದವು, ಜನ ನಕ್ಕರು. ಪ್ರತಿಸಲವೂ ಬಟನ್ ಒತ್ತುವಾಗ ಅವಳಿಗೆ ಆ ಟವೆಲು ಒತ್ತಿಕೊಂಡ ಬಾಯಿ ಕಾಣುತ್ತಿತ್ತು. ಗುರುಗಳ ಹತ್ತಿರ ಹೋಗುವುದೂ ಕಡಿಮೆಯಾಯಿತು.

ಕೊನೆಗೊಂದು ದಿನ ಮನಸ್ಸು ಗಟ್ಟಿ ಮಾಡಿಕೊಂಡು ಕಲ್ಲನಗೌಡರ ಮನೆಗೆ ಹೋದಳು.

ಗೌಡರಿಗೆ ಲಕ್ವ ಹೊಡೆದಿತ್ತು. ಪಡಸಾಲೆಯಲ್ಲಿ ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದರು. ಮುಖದ ಒಂದು ಪಕ್ಕ ಜೋತುಬಿದ್ದಿತ್ತು. ಸೊಸೆ ಗಂಜಿ ಕುಡಿಸುತ್ತಿದ್ದಳು.

"ನೀನು ಆ ಫೋಟೊದವಳಲ್ಲವಾ?" ಎಂದರು ಗೌಡರು. ಮಾತು ತೊದಲುತ್ತಿತ್ತು, ಆದರೂ ತಿಳಿಯುತ್ತಿತ್ತು.

"ಹೌದು. ತಪ್ಪು ನನ್ನದು ಅಂತ ಹೇಳೋಕೆ ಬಂದೆ. ನೀವು ಆವತ್ತು ಅಳ್ತಾ ಇದ್ದಿರಿ. ಆ ಫೋಟೊನೂ ನನ್ನ ಹತ್ತಿರ ಇತ್ತು. ಕೊಡಲಿಲ್ಲ."

ಗೌಡರು ಅವಳನ್ನು ನೋಡುತ್ತ ಸೊಸೆಗೆ ಬಟ್ಟಲು ಪಕ್ಕಕ್ಕಿಡುವಂತೆ ಸನ್ನೆ ಮಾಡಿದರು.

"ನಕ್ಕಿದ್ದು ಖರೇನೇ ತಂಗಿ. ಎದುರು ಪಾರ್ಟಿಯವನ ಕಾರು ದಾರಿಯ ಕೆಸರಿನಲ್ಲಿ ಹುಗಿದು ನಿಂತಿದೆ ಅಂತ ನಮ್ಮ ಪಿ.ಎ. ಕಿವಿಯಲ್ಲಿ ಹೇಳಿದ. ನಗು ಬಂತು. ತಲೆ ಎತ್ತಿದರೆ ನಿನ್ನ ಕ್ಯಾಮೆರಾ ಕಾಣಿಸಿತು. ತಕ್ಷಣ ಟವೆಲು ಹಿಡಿದೆ."

"ಮತ್ತೆ ಆ ಕಣ್ಣೀರು?"

"ಬರಿಸಿಕೊಂಡೆ. ನಮ್ಮ ಕೆಲಸದಲ್ಲಿ ಅದನ್ನೂ ಕಲಿತಿರ್ತೇವೆ."

ಕುಮುದಿನಿ ಇಷ್ಟು ದಿನ ಹೊತ್ತ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ.

"ಆದರೆ ಒಮ್ಮೆ ಬರಿಸಿಕೊಂಡದ್ದು ಆಮೇಲೆ ನಿಲ್ಲಲಿಲ್ಲ" ಎಂದರು ಗೌಡರು. "ಹೊದಿಕೆಯ ಹೊರಗೆ ಒಂದು ಕೂಸಿನ ಕೈ ಇತ್ತು. ಕೈಯಲ್ಲಿ ಮದುವೆಗೆ ಅಂತ ಹಚ್ಚಿದ ಮದರಂಗಿ. ಅದನ್ನು ನೋಡಿಬಿಟ್ಟೆ. ಮನೆಗೆ ಬಂದರೂ ಅಳು ನಿಲ್ಲಲಿಲ್ಲ. ಮರುದಿನ ಪೇಪರು ಬಂತು. ಆಮೇಲೆ ನನ್ನ ಅಳುವನ್ನು ಯಾರೂ ನಂಬಲಿಲ್ಲ. ನನ್ನ ಹೆಂಡತಿ ಕೂಡ. ನಂಬದೇನೇ ಕಣ್ಣು ಮುಚ್ಚಿದಳು."

ಜೋತುಬಿದ್ದ ತುಟಿಯ ಅಂಚಿನಿಂದ ಜೊಲ್ಲು ಇಳಿಯಿತು. ಸೊಸೆ ಸೆರಗಿನಿಂದ ಒರೆಸಲು ಬಂದಳು. ಗೌಡರು ಆಡುವ ಕೈಯಿಂದ ಅವಳನ್ನು ತಡೆದರು.

"ಈಗ ಒಂದು ತೆಗಿ ತಂಗಿ. ಈಗ ಈ ಮುಖಕ್ಕೆ ಏನನ್ನೂ ಬರಿಸಿಕೊಳ್ಳೋಕೆ ಬರೋದಿಲ್ಲ."

ಕುಮುದಿನಿ ತೆಗೆದಳು.

ಹೆಚ್ಚು ದಿನ ಉಳಿಯಲಿಲ್ಲ ಕಲ್ಲನಗೌಡರು. ಅವರು ತೀರಿಕೊಂಡ ಸುದ್ದಿ ಬಂದಾಗ ಸಂಪಾದಕರು ಕುಮುದಿನಿಯನ್ನು ಕರೆದು, "ನಿನ್ನ ಹತ್ತಿರ ಇರೋದರಲ್ಲಿ ಒಂದು ಕೊಡು, ಮೊದಲ ಪುಟಕ್ಕೆ" ಎಂದರು. ಅವಳು ಅಂತ್ಯಕ್ರಿಯೆಯ ಚಿತ್ರ ತೆಗೆದು, ಅಲ್ಲಿಂದ ನೇರ ಆಶ್ರಮಕ್ಕೆ ಹೋದಳು.

ಗುರುಗಳ ಮುಂದೆ ಚಾಪೆಯ ಮೇಲೆ ಮೂರು ಚಿತ್ರಗಳನ್ನಿಟ್ಟಳು. ನಗುವುದು, ಅಳುವುದು, ಮಂಚದ ಮೇಲಿನದು. ಗೌಡರ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು.

"ನೀವು ಹೇಳಿದ್ದು ತಪ್ಪಾಗಿತ್ತು ಗುರುಗಳೇ."

"ಹೌದು. ಆ ಮುಖ ನನಗೆ ತಿಳಿಯಲಿಲ್ಲ" ಎಂದರು ಅಡವಯ್ಯ.

"ನಗು ನಿಜ. ಆದರೆ ಅದನ್ನು ಕೊಟ್ಟರೆ ಸತ್ತ ಗೌಡರ ಮೇಲೆ ಮತ್ತೊಮ್ಮೆ ಕೆಸರು ಎರಚಿದ ಹಾಗೆ. ಅಳುವುದನ್ನು ಕೊಟ್ಟರೆ ಸುಳ್ಳು ಕೊಟ್ಟ ಹಾಗೆ. ಪೂರ್ತಿ ಸುಳ್ಳೂ ಅಲ್ಲ ಅದು. ಮೂರನೆಯದು ಅವರೇ ತೆಗೆಸಿಕೊಂಡದ್ದು. ಆದರೆ ಅದನ್ನು ನೋಡಿದವರು ಅಯ್ಯೋ ಪಾಪ ಅಂತಾರೆ, ಇಲ್ಲ ತಕ್ಕ ಶಾಸ್ತಿ ಅಂತಾರೆ. ಅವರನ್ನು ಯಾರೂ ನೋಡೋದಿಲ್ಲ. ಪೇಟ ಸುತ್ತಿಕೊಂಡು ಕೈ ಮುಗಿದ ಹಳೇದೊಂದಿದೆ, ಅದನ್ನೇ ಹಾಕಿ ಅಂತಾರೆ ಮನೆಯವರು. ಯಾವುದು ಒಳ್ಳೆಯದು ಗುರುಗಳೇ? ಯಾವುದು ಅವರು?"

ಗುರುಗಳು ಮೂರನ್ನೂ ಒಂದೊಂದಾಗಿ ಎತ್ತಿ ನೋಡಿ ಕೆಳಗಿಟ್ಟರು.

"ಮಣ್ಣಿಗೆ ಹೋಗಿದ್ದೆಯಾ?"

"ಹೋಗಿದ್ದೆ. ಡ್ಯೂಟಿ ಇತ್ತು."

"ಅತ್ತೆಯಾ?"

"ಕೈಯಲ್ಲಿ ಕ್ಯಾಮೆರಾ ಇತ್ತು ಗುರುಗಳೇ."

ಅಡವಯ್ಯ ಮುಂದೆ ಬಾಗಿ, ಅವಳ ಕೊರಳಿನಿಂದ ಕ್ಯಾಮೆರಾದ ಪಟ್ಟಿಯನ್ನು ಮೆಲ್ಲಗೆ ಬಿಡಿಸಿ ತಮ್ಮ ಪಕ್ಕದಲ್ಲಿಟ್ಟುಕೊಂಡರು.

"ಮೊದಲು ಅತ್ತುಬಿಡವ್ವ. ಯಾವುದನ್ನು ಕೊಡೋದು ಅಂತ ಆಮೇಲೆ ನೋಡೋಣ."