ರಾಯರ ಪದ್ಯಕ್ಕೆ ಬಂದ ಡಂಭೋರ

ಹುಲಿಗುಂದದ ಪಾಳೆಯಗಾರ ಬಸವಂತರಾಯನಿಗೆ ಯುದ್ಧ ಮಾಡಲು ಬರುತ್ತಿರಲಿಲ್ಲ, ಪದ್ಯ ಕಟ್ಟಲೂ ಬರುತ್ತಿರಲಿಲ್ಲ. ಯುದ್ಧಕ್ಕಾದರೆ ಶತ್ರು ಬೇಕು, ಪದ್ಯಕ್ಕೆ ಅದೂ ಬೇಡ. ಹಾಗಾಗಿ ತನ್ನ ಮೇಲೆ ತಾನೇ ಪದ್ಯ ಕಟ್ಟಿ ದಿನಾ ಓದುತ್ತಿದ್ದ. ಆಸ್ಥಾನ ತಲೆದೂಗುತ್ತಿತ್ತು.

ಒಂದು ದಿನ ಲಾವಣಿಕಾರ ಗಾದ್ರಿ ತಲೆದೂಗುವ ಬದಲು ಆಕಳಿಸಿಬಿಟ್ಟ. ಮರುದಿನದಿಂದ ಅವನ ಸುಳಿವೇ ಇಲ್ಲ.

ಅವನ ಬಾಲ್ಯದ ಗೆಳತಿ ಸೂರವ್ವ ಅರಮನೆಯಲ್ಲಿ ಪತ್ತೇದಾರಿಕೆ ಮಾಡುತ್ತಿದ್ದಳು. ವಯಸ್ಸು ಚಿಕ್ಕದಾದರೂ ರಾಣಿ ಕಳೆದುಕೊಂಡ ಮೂಗುತಿಯಿಂದ ಹಿಡಿದು ಪುರೋಹಿತರು ಅಡಗಿಸಿಟ್ಟ ತುಪ್ಪದವರೆಗೆ ಎಲ್ಲ ಹುಡುಕಿಕೊಟ್ಟವಳು. ಕೋಟೆಬಾಗಿಲ ಕಾವಲಿನವರನ್ನೆಲ್ಲ ವಿಚಾರಿಸಿದಳು. ಗಾದ್ರಿ ಹೊರಗೆ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಅಂದಮೇಲೆ ಒಳಗೇ ಇದ್ದಾನೆ. ನೇರವಾಗಿ ರಾಯನನ್ನೇ ಹೋಗಿ ಕೇಳಿದಳು.

ಕಾಶಿಗೆ ಹೋಗಿರಬೇಕು, ತನಗೇನು ಗೊತ್ತು ಎಂದ ರಾಯ. ಕೋಟೆಯೊಳಗೇ ಇದ್ದಾನೆಂದು ತೋರಿಸಿಕೊಟ್ಟರೆ ಕರೆದುಕೊಂಡು ಹೋಗು, ಜೊತೆಗೆ ಚಿನ್ನದ ಕಡಗವನ್ನೂ ಕೊಡುತ್ತೇನೆ. ಇಲ್ಲದಿದ್ದರೆ ನೀನೂ ಕಾಶಿಗೆ ಹೊರಡು ಎಂದು ನಕ್ಕ. ಕಾಶಿಯೆಂದರೆ ಯಾವುದೋ ಕತ್ತಲಕೋಣೆ ಎಂದು ಸೂರವ್ವನಿಗೆ ಹೊಳೆಯಿತು. ಆದರೂ ಏನೂ ತಿಳಿಯದವಳಂತೆ ಹೇಳಿದಳು:

“ಹೋಗಲಿ ಬಿಡಿ ಪ್ರಭು. ರಾಯರ ಪದ್ಯದಲ್ಲಿ ಒಂದೇ ಒಂದು ಪದ ತಿದ್ದಿದರೆ ಲೋಕವೇ ಬೆರಗಾಗುತ್ತದೆ ಅನ್ನುತ್ತಿದ್ದ ಗಾದ್ರಿ. ಯಾವ ಪದವೋ, ನನಗೂ ಹೇಳಲಿಲ್ಲ.”

ಅಂದು ರಾಯನಿಗೆ ಊಟ ರುಚಿಸಲಿಲ್ಲ. ರಾತ್ರಿ ದೀಪ ಹಿಡಿದು ಒಬ್ಬನೇ ಎಲ್ಲಿಗೋ ಹೋಗಿಬಂದ.

ಮರುದಿನ ಆಸ್ಥಾನದಲ್ಲಿ ಮೀಸೆ ತಿರುವಿಕೊಂಡು ಓದಿದ: “ದಾನದಿ ಉದಾರ, ಸಮರದಿ ಡಂಭೋರ.”

ನಿನ್ನೆಯವರೆಗೆ ‘ಮಹಾಶೂರ’ ಎಂಬ ಪದ ಇದ್ದ ಜಾಗದಲ್ಲಿ ‘ಡಂಭೋರ’ ಬಂದು ಕೂತಿತ್ತು. ಇದು ವೇದಕಾಲದ ಪದವೆಂದು ಹಿರಿಯ ಪಂಡಿತರು ಕೊಂಡಾಡಿದರು. ಸೂರವ್ವ ಮಾತ್ರ ಬಾಯಿಗೆ ಸೆರಗೊತ್ತಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಗಾದ್ರಿ ಬದುಕಿದ್ದ.

ಯಾಕೆ ನಗುತ್ತೀಯೆಂದು ರಾಯ ಗದರಿದ.

“ಪ್ರಭು, ಡಂಭೋರ ಅನ್ನುವುದು ಗಾದ್ರಿಯ ಮನೆಯ ಕೋಣದ ಹೆಸರು. ಚಿಕ್ಕಂದಿನಲ್ಲಿ ನಾವಿಬ್ಬರೇ ಸೇರಿ ಗುಟ್ಟಾಗಿ ಇಟ್ಟದ್ದು. ನಾನಂತೂ ನಿಮಗೆ ಹೇಳಿಲ್ಲ. ಇನ್ನು ಕೋಣವೇ ಬಂದು ಹೇಳಿತೋ?”

ರಾಯ ಪಂಡಿತರತ್ತ ನೋಡಿದ. ಪಂಡಿತರು ಚಾವಣಿ ನೋಡುತ್ತಿದ್ದರು. ಬೇರೆ ದಾರಿ ಕಾಣದೆ ರಾಯ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. ಕಣಜದ ಕೆಳಗಿನ ಕೋಣೆಯಿಂದ ಗಾದ್ರಿಯನ್ನು ಬಿಡಿಸಿ ತಂದರು. ಕಡಗವನ್ನು ಸೂರವ್ವನ ಕೈಗಿಡುವಾಗ ರಾಯ ದನಿ ತಗ್ಗಿಸಿ, ಅದಿರಲಿ, ಪದ್ಯ ಹೇಗಿದೆ, ನಿಜ ಹೇಳು ಎಂದ.

“ಕೋಣ ಬಂದಮೇಲೆ ಎಷ್ಟೋ ಸುಧಾರಿಸಿದೆ, ಪ್ರಭು,” ಎಂದಳು ಸೂರವ್ವ.