ಸುಳಿ ನೋಡಿ ದೋಣಿ ಕೊಂಡ ದೊರೆ

ಮುತ್ತಿಗಡ್ಡಿ ಸಂಸ್ಥಾನದ ದೊರೆ ಸರ್ಜಪ್ಪನಾಯಕನಿಗೆ, ದನದ ಸುಳಿ ನೋಡುವುದರಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂಬ ಹೆಮ್ಮೆ. ದನದ ಮೈಮೇಲೆ ಕೂದಲು ಸುತ್ತಿಕೊಂಡ ಗುರುತೇ ಸುಳಿ. ಒಳ್ಳೆಯದಾದರೆ ಮನೆಗೆ ಏಳಿಗೆ, ಕೆಟ್ಟದ್ದಾದರೆ ಯಜಮಾನನಿಗೆ ಕೇಡು, ಹಾಗಾಗಿ ಬೆಲೆ ಅರ್ಧಕ್ಕೆ ಇಳಿಯುತ್ತದೆ. ದೊರೆ ಮಾರುವ ಎತ್ತಿಗೆಲ್ಲ ಒಳ್ಳೆಯ ಸುಳಿ ಇರುತ್ತಿತ್ತು, ಕೊಳ್ಳುವ ಎತ್ತಿಗೆಲ್ಲ ಕೆಟ್ಟ ಸುಳಿ. ಅದು ಹೇಗೆಂದು ಯಾರೂ ಕೇಳಲಿಲ್ಲ.

ಬರಬರುತ್ತ ಈ ವಿದ್ಯೆ ಕೊಟ್ಟಿಗೆ ದಾಟಿ ಹೊರಗೆ ಬಂತು. ಮಂಚದ ಮರದಲ್ಲಿ ಗಂಟಿದ್ದರೆ ಅದೂ ಸುಳಿ. ಕಂಬಳಿಯಲ್ಲಿ ನೂಲು ತೊಡಕಿದ್ದರೆ ಅದೂ ಸುಳಿ. ಬಡಗಿಯೂ ಕಂಬಳಿಯವನೂ ಅರ್ಧ ಬೆಲೆ ಇಸಿದುಕೊಂಡು ಕೈಮುಗಿದು ಹೋಗುತ್ತಿದ್ದರು. ದೊರೆಯ ಜೊತೆ ಚೌಕಾಸಿ ಮಾಡಿ ಊರಲ್ಲಿ ಬಾಳುವುದುಂಟೆ?

"ನಾ ಕಟ್ಟಿದ್ದೇ ನ್ಯಾಯದ ಬೆಲಿ," ಎಂದು ದೊರೆ ದರಬಾರಿನಲ್ಲಿ ಮೀಸೆ ತಿರುವಿದ. "ಅಲ್ಲ ಅನ್ನೋ ಗಂಡಸು ಇದ್ರ ಮುಂದ ಬರ್ಲಿ."

ಯಾವ ಗಂಡಸೂ ಬರಲಿಲ್ಲ. ಬಂದವಳು ಅಂಬಿಗರ ಹುಲಿಗೆವ್ವ. ಪುಟ್ಟ ಅಲ್ಯೂಮಿನಿಯಂ ದೋಣಿಯೊಂದನ್ನು ತಲೆಯ ಮೇಲೆ ಕವುಚಿಕೊಂಡು ಬಂದಿದ್ದರಿಂದ, ಕಾವಲಿನವರಿಗೆ ಮೊದಲು ಕಂಡದ್ದು ಕಾಲು ಬಂದ ದೋಣಿ.

ಹೊಳೆಗೆ ದೊರೆ ಹೊಸ ಸೇತುವೆ ಕಟ್ಟಿಸಿದ್ದ. ಕೆಲಸ ಮುಗಿಸಿ ಹೊರಟ ಇಂಜಿನಿಯರನಿಂದ ಈ ದೋಣಿಯನ್ನು ಕೊಂಡವನು ಹುಲಿಗೆವ್ವನ ಗಂಡ. ಸೇತುವೆ ಮುಗಿದ ಮೇಲೆ ದೋಣಿ ಕೊಂಡವನು ಭೂಮಿಯ ಮೇಲೆ ಅವನೊಬ್ಬನೇ ಇರಬೇಕು. ಈಗ ಅವನೂ ಇಲ್ಲ, ದೋಣಿ ಹತ್ತುವವರೂ ಇಲ್ಲ. ಮಾರಿ ಎಮ್ಮೆ ಕೊಳ್ಳಬೇಕೆಂಬುದು ಅವಳ ಲೆಕ್ಕ.

ದೊರೆಗೆ ಆಗಷ್ಟೇ ಬಾತುಕೋಳಿ ಬೇಟೆಯ ಹುಚ್ಚು ಹತ್ತಿತ್ತು. ದೋಣಿ ಕಂಡು ಬಾಯಲ್ಲಿ ನೀರೂರಿತು. ಅದನ್ನು ನುಂಗಿಕೊಂಡು, "ಎಷ್ಟು ಹೇಳ್ತಿ?" ಎಂದ.

"ಅರವತ್ತು ರೂಪಾಯ್ರೀ ಧಣಿ. ಹೊಸಾದಾದ್ರ ನೂರರ ಮ್ಯಾಲ. ಇದು ಹಳೇದೈತಿ, ಅದಕ್ಕ ಅರವತ್ತು."

ದೊರೆ ದೋಣಿಯನ್ನು ಸುತ್ತು ಹಾಕಿದ. ಹಲ್ಲಿದ್ದರೆ ಹಲ್ಲನ್ನೂ ನೋಡುತ್ತಿದ್ದ. ತಳದಲ್ಲೊಂದು ತಗ್ಗು ಸಿಕ್ಕಿತು.

"ಹೊಟ್ಟಿ ಸುಳಿ," ಎಂದ.

"ಅದು ಕಲ್ಲಿಗೆ ಬಡದು ಬಿದ್ದ ತಗ್ಗುರೀ. ಹನಿ ನೀರು ಸೋರೂದಿಲ್ಲ."

"ನಿನಗ ತಗ್ಗು, ನನಗ ಸುಳಿ. ಮೂವತ್ತು."

"ಅರವತ್ತಕ್ಕ ಒಂದ್ ಎಮ್ಮಿ ಬರ್ತೈತ್ರಿ ಧಣಿ. ಮೂವತ್ತಕ್ಕ ಅರ್ಧ ಎಮ್ಮಿ ಯಾರೂ ಕೊಡೂದಿಲ್ಲ."

ದೊರೆ ಪಕ್ಕಕ್ಕೆ ತಿರುಗಿದ. ಅಲ್ಲಿ ಅಡಿವೆಪ್ಪ ನಿಂತಿದ್ದ. ದರಬಾರಿನಲ್ಲಿ ಅವನ ಕೆಲಸ ಏನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಮಾತಾಡುವುದು ಎಂದು ಎಲ್ಲರ ಊಹೆ.

"ಏನಂತಿ ಅಡಿವೆಪ್ಪ, ಸುಳಿ ಹೌದೋ ಅಲ್ಲೋ?"

ಅಡಿವೆಪ್ಪ ಬಗ್ಗಿ ತಗ್ಗನ್ನು ಸವರಿದ. "ನೀವು ಅಂದ ಮ್ಯಾಲ ಸುಳೀನ ಧಣಿ. ಆದ್ರ ಹೂಡಿ ನೋಡದ ಎತ್ತು ಕೊಳ್ಳೂದು ನಿಮ್ಮ ಮನೆತನದಾಗ ಇಲ್ಲ. ಇದನ್ನೂ ಒಮ್ಮೆ ನೀರಿಗೆ ಹೂಡಿ ನೋಡೂಣು."

ಮಾತು ದೊರೆಗೆ ಹಿಡಿಸಿತು. ಬೇಟೆಯ ರುಮಾಲು ಸುತ್ತಿಕೊಳ್ಳಲು ಒಳಗೆ ಹೋದ. ಅಡಿವೆಪ್ಪ ಹುಲಿಗೆವ್ವನ ಹತ್ತಿರ ಸರಿದ.

"ಯವ್ವಾ, ಮುಳುಗಿಸದ ಬರೇ ತಿರುಗಿಸೋ ಸುಳಿ ಹೊಳಿಯಾಗ ಎಲ್ಲ್ಯಾರ ಐತೇನು?"

"ಐತ್ರಿ, ಅತ್ತಿ ಸುಳಿ. ಅತ್ತಿ ಸೊಸೀನ ತಿರುಗಿಸಿದಂಗ ತಿರುಗಿಸಿ ಹೈರಾಣ ಮಾಡ್ತೈತಿ, ನುಂಗೂದಿಲ್ಲ."

"ಅಲ್ಲಿಗೆ ನಡಿ. ನಿನ್ನ ಬೆಲಿ ಮಾತ್ರ ಇಳಸಬ್ಯಾಡ, ಏರಸಲೂ ಬ್ಯಾಡ."

ಮೂವರೂ ದೋಣಿ ಹತ್ತಿದರು. ಹುಟ್ಟು ಹಾಕಿದವಳು ಹುಲಿಗೆವ್ವ. ದೋಣಿ ಹಗುರ, ದೊರೆ ಭಾರ, ಅಂತೂ ನಡುಹೊಳೆ ಬಂತು. ಅಲ್ಲಿ ಅವಳು ಹುಟ್ಟನ್ನು ಮೇಲಕ್ಕೆತ್ತಿ ತೊಡೆಯ ಮೇಲಿಟ್ಟುಕೊಂಡಳು. ದೋಣಿ ಮೆಲ್ಲಗೆ ಸುತ್ತತೊಡಗಿತು. ಆಮೇಲೆ ಮೆಲ್ಲಗೆ ಅಲ್ಲ. ದೊರೆಗೆ ಅರಮನೆ ಎಡಗಡೆ ಕಂಡಿತು, ಬಲಗಡೆ ಕಂಡಿತು, ಎರಡೂ ಕಡೆ ಕಂಡಿತು.

"ಏನಿದು?" ಎಂದ ದೊರೆ, ದೋಣಿಯ ಅಂಚು ತಬ್ಬಿಕೊಂಡು.

"ಸುಳಿ ಧಣಿ," ಎಂದ ಅಡಿವೆಪ್ಪ. ಅವನೂ ಅಂಚು ಹಿಡಿದಿದ್ದ, ಮುಖ ಬಿಳುಚಿತ್ತು, ದನಿ ಮಾತ್ರ ದರಬಾರಿನದೇ. "ಒಳ್ಳೇದೋ ಕೆಟ್ಟದ್ದೋ, ನೀವ ನೋಡಿ ಹೇಳ್ರಿ."

"ಹುಲಿಗೆವ್ವ, ದಂಡಿ ಮುಟ್ಟಸು. ದೋಣಿಗೆ ನೂರು ಕೊಡ್ತೀನಿ."

"ನಾ ಅರವತ್ತ ಅಂದೀನ್ರೀ."

"ಸಾವಿರ ಕೊಡ್ತೀನಿ ತಾಯಿ!"

"ಅರವತ್ತ ರೀ ಧಣಿ," ಎಂದು ಹುಲಿಗೆವ್ವ ಹುಟ್ಟು ಇಳಿಸಿ ಬಲವಾಗಿ ತಳ್ಳಿದಳು. ದೋಣಿ ಸುಳಿಯ ಮಗ್ಗುಲಿಗೆ ಜಾರಿ ಹೊರಗೆ ಬಂತು. ಒಳಗೆ ಒಂದು ಹನಿ ನೀರು ಬಂದಿರಲಿಲ್ಲ.

ದಡದಲ್ಲಿ ದೊರೆ ಮೊದಲು ಕೂತ, ಆಮೇಲೆ ನಿಂತ. ಕಾಲಡಿಯ ನೆಲ ಗಟ್ಟಿಯಿದೆ ಎಂದು ಖಾತ್ರಿಯಾದ ಮೇಲೆ ಗಂಟಲು ಸರಿಮಾಡಿಕೊಂಡ.

"ಅಂಜಿಕಿಯೊಳಗ ಆಡಿದ ಮಾತು ಮಾತಲ್ಲ."

"ಖರೇ ಧಣಿ," ಎಂದ ಅಡಿವೆಪ್ಪ.

"ತಗ್ಗು ಇನ್ನೂ ಅಲ್ಲೇ ಐತಿ. ಸುಳಿ ಇದ್ರ ಬೆಲಿ ಇಳೀಬೇಕು, ಅದು ಶಾಸ್ತ್ರ. ಮೂವತ್ತು."

ಹುಲಿಗೆವ್ವನ ಮುಖ ಬಾಡಿತು. ಅವಳು ದೋಣಿಯನ್ನು ಎತ್ತಲು ಬಗ್ಗಿದಳು.

"ಅದು ಎತ್ತಿನ ಶಾಸ್ತ್ರ ಧಣಿ," ಎಂದ ಅಡಿವೆಪ್ಪ. "ಎತ್ತಿನ ಬೆಲಿ ಸುಳಿ ಕಂಡ ಕೂಡ್ಲೆ ಇಳೀತೈತಿ. ದೋಣಿ ಬೆಲಿ ಸುಳಿಯೊಳಗ ಸಾವಿರಕ್ಕ ಏರ್ತೈತಿ, ಇಳೀಬೇಕಂದ್ರ ಸುಳಿ ದಾಟಿ ದಂಡಿಗೆ ಬರಬೇಕು. ಆಕಿ ಹೇಳಿದ ಬೆಲಿ ಮಾತ್ರ ದಂಡಿ ಮ್ಯಾಲೂ ಅರವತ್ತು, ಸುಳಿಯೊಳಗೂ ಅರವತ್ತು. ನ್ಯಾಯದ ಬೆಲಿ ಯಾವುದು, ನೀವ ಕಟ್ರಿ."

ದೊರೆ ಒಮ್ಮೆ ಹೊಳೆ ನೋಡಿದ, ಒಮ್ಮೆ ದೋಣಿ ನೋಡಿದ. ಮೀಸೆ ಮೊದಲು ಅಲುಗಿತು, ಆಮೇಲೆ ಹೊಟ್ಟೆ ಅಲುಗಿತು. ನಗು ಸಾಕಾದ ಮೇಲೆ ಅರವತ್ತು ರೂಪಾಯಿಯನ್ನು ತನ್ನ ಕೈಯಾರೆ ಅವಳ ಸೆರಗಿಗೆ ಹಾಕಿದ. ದೋಣಿ ಅವನದಾಯಿತು. ಆದರೆ ಅದರಲ್ಲಿ ಒಬ್ಬನೇ ಕೂರುವ ಧೈರ್ಯ ದೊರೆಗೆ ಇನ್ನಿರಲಿಲ್ಲ.

"ಹುಲಿಗೆವ್ವ, ನನ್ನ ದೋಣಿಗೆ ನೀನ ಹುಟ್ಟು ಹಾಕಬೇಕು. ತಿಂಗಳಾ ಸಂಬಳ ಎಷ್ಟು ಹೇಳ್ತಿ?"

ಹುಲಿಗೆವ್ವ ಸೆರಗಿನ ಗಂಟು ಬಿಗಿದು, ಹುಟ್ಟು ಕೈಗೆತ್ತಿಕೊಂಡಳು.

"ಇಲ್ಲೇ ಹೇಳ್ಲೇನ್ರೀ ಧಣಿ, ನಡುಹೊಳಿಗೆ ಹೋಗಿ ಹೇಳ್ಲೋ?"